ಒದೆಯದ ರೈಫಲ್

ಮುದ್ದಯ್ಯ ಬೇಟೆಯ ರೈಫಲ್ ಒಂದನ್ನು ಹೇಳಿ ಮಾಡಿಸುತ್ತಿದ್ದರು. ಒಂದು ಗುಂಡು ಹಾರಿದ ಕೂಡಲೇ ಮುಂದಿನ ತೋಟಾ ತಾನಾಗಿಯೇ ಏರಿಕೊಳ್ಳುವಂಥದ್ದು. ಆದರೆ ಮೊದಲು ಗೊತ್ತುಮಾಡಿದ್ದ ಬೋರಿನ, ಅಂದರೆ ಆ ನಳಿಗೆಯ ಅಳತೆಯ, ತೋಟಾ ಈಗ ಎಲ್ಲೂ ಸಿಗುತ್ತಿರಲಿಲ್ಲ. ಬೇರೆ ಬೋರ್ ಆರಿಸಲು ಅವರು ಹೆಂಡತಿ ಬೋಜಮ್ಮನ ಜೊತೆ ಖಾದರನ ಬಂದೂಕಿನ ಅಂಗಡಿಗೆ ಬಂದಿದ್ದರು. ಬೋಜಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು.

“ತ್ರೀ ಫಿಫ್ಟೀನ್ ಹಾಕಲಾ?” ಎಂದ ಖಾದರ್.

“ಬೇಡ. ಭುಜಕ್ಕೆ ಜೋರಾಗಿ ಒದೆಯುತ್ತೆ.”

“ಹಾಗಾದ್ರೆ ಟ್ವೆಂಟಿ ಟೂ.”

“ಅದಕ್ಕೆ ಕಾಡುಹಂದಿ ಬೀಳುತ್ತಾ?”

ಖಾದರ್ ಕೈಯಲ್ಲಿದ್ದ ಅರವನ್ನು ಮೇಜಿನ ಮೇಲೆ ಕುಕ್ಕಿದ. “ಹಂದಿಯೂ ಬೀಳಬೇಕು, ಒದೆಯಲೂಬಾರದು ಅಂದ್ರೆ ನಾನೆಲ್ಲಿಂದ ತರಲಿ ಮಾರಾಯ್ರೇ? ನಿಮ್ಮ ಭುಜಕ್ಕೆ ಏನಾಗಿದೆ?”

“ನನಗೇನಾಗಿದೆ?” ಎಂದು ಸಿಡುಕಿದ ಮುದ್ದಯ್ಯ ಆಮೇಲೆ ದನಿ ತಗ್ಗಿಸಿದರು. “ಹೊಡೆಯೋಳು ಅವಳು. ಎದೆಯ ಆಪರೇಷನ್ ಆದಮೇಲೆ ಬಲ ಭುಜ ಏನನ್ನೂ ತಡೆಯಲ್ಲ. ಆಮೇಲೆ ಅವಳು ಬಂದೂಕು ಮುಟ್ಟಿದ್ದನ್ನೇ ನಾನು ನೋಡಿಲ್ಲ.”

ಇಬ್ಬರೂ ಮತ್ತೆ ಒಂದೊಂದೇ ತೋಟಾ ಎತ್ತಿ ನೋಡಿದರು. ಒಂದು ಹೆಚ್ಚಾಯಿತು, ಇನ್ನೊಂದು ಸಾಲದಾಯಿತು.

“ಈ ರೈಫಲ್ಲೇ ಬೇಡ, ಬಿಡು,” ಎಂದು ಮುದ್ದಯ್ಯ ಬೇಸತ್ತು ಎದ್ದರು.

ಬೋಜಮ್ಮ ಹತ್ತಿರ ಬಂದು, ಎಲ್ಲಕ್ಕಿಂತ ದೊಡ್ಡ ತೋಟಾವನ್ನು ಆರಿಸಿ ಖಾದರನ ಕೈಗಿಟ್ಟರು.

“ಇದೇ ಇರಲಿ, ಹಿಡಿ ಮಾತ್ರ ಎಡ ಭುಜಕ್ಕೆ ಕೂರೋ ಹಾಗೆ ಮಾಡಿ. ತವರಿಗೆ ಹೋದಾಗೆಲ್ಲ ಅಣ್ಣನ ಬಂದೂಕಲ್ಲಿ ನಾನು ಎಡಗಡೆಯಿಂದಲೇ ಹೊಡೀತಿದ್ದೀನಿ.”