ಎತ್ತಿಟ್ಟ ಫೈಲು

"ಅದನ್ನ ಸದ್ಯಕ್ಕೆ ಎತ್ತಿಡಪ್ಪ, ಇದು ಅರ್ಜೆಂಟು," ಎಂದು ಮ್ಯಾನೇಜರ್ ಬೆನ್ನು ತಟ್ಟಿದರು. ತಂಡದ ಹಳೆಯ ಕೋಡ್ ಫೈಲೊಂದರ ತಿದ್ದುಪಡಿಯನ್ನು ಅರ್ಧಕ್ಕೆ ನಿಲ್ಲಿಸಲು ತಿಪ್ಪೇಶನಿಗೆ ಮನಸ್ಸಿರಲಿಲ್ಲ. ಆದರೂ ತಿದ್ದಿದ್ದನ್ನೆಲ್ಲ ತಂಡದ ಕೋಡಿಗೆ ಸೇರಿಸದೆ ತನ್ನ ಕಂಪ್ಯೂಟರಿನಲ್ಲೇ ಸ್ಟ್ಯಾಶ್ ಮಾಡಿ ಎತ್ತಿಟ್ಟು, ಹೊಸ ಪ್ರೋಗ್ರಾಮನ್ನು ಎರಡೇ ದಿನದಲ್ಲಿ ಬರೆದುಕೊಟ್ಟ. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ಎತ್ತಿಟ್ಟಿದ್ದನ್ನು ಹೊರತೆಗೆದರೆ ಪರದೆಯ ಮೇಲೆ ತಿದ್ದಿದ್ದು ಮೂಲಕ್ಕೆ ಹೊಂದುತ್ತಿಲ್ಲವೆಂಬ ಕಾನ್‌ಫ್ಲಿಕ್ಟ್. ಅವನು ತಿದ್ದುತ್ತಿದ್ದ ಫೈಲನ್ನೇ ಯಾರೋ ಅಳಿಸಿಬಿಟ್ಟಿದ್ದರು.

"ಲವಿನಾ, ಇದನ್ನ ಅಳಿಸಿದ ಪುಣ್ಯಾತ್ಮ ಯಾರು?" ಎಂದು ಪಕ್ಕದ ಸೀಟಿನವಳ ಮೇಲೆ ರೇಗಿದ.

"ನಾನಲ್ಲ ಮಾರಾಯ. ಅದನ್ನ ಯಾರೂ ಮುಟ್ತಾನೇ ಇರ್ಲಿಲ್ವಲ್ಲ."

"ತಿಂಗಳಿಂದ ಅದನ್ನೇ ತಿದ್ದುತ್ತಾ ಕೂತಿದ್ದೀನಿ ಕಣೇ!"

"ನೀನು ತಿದ್ದಿದ್ದು ನಿನ್ನ ಕಂಪ್ಯೂಟರಲ್ಲೇ ಇತ್ತು. ಬೇರೆಯವರಿಗೆ ಹೇಗೆ ಕಾಣ್ಬೇಕು?"

"ಅಳಿಸೋ ಮೊದ್ಲು ಒಂದು ಮಾತು ಕೇಳೋಕೆ ಏನಾಗಿತ್ತು? ಆ ತಲೆಕೆಟ್ಟವನ ಹೆಸರು ಹೇಳು, ಸಾಕು."

ಲವಿನಾ ಬಿಸ್ಕತ್ತನ್ನು ನಿಧಾನವಾಗಿ ಚಹಾದಲ್ಲಿ ಅದ್ದಿದಳು.

"ಮನುಷ್ಯರು ಯಾರೂ ಅಳಿಸಿಲ್ಲ. ವರ್ಷದಿಂದ ಯಾರೂ ಕೈಹಚ್ಚದ ಫೈಲುಗಳನ್ನ ತಾನೇ ಹುಡುಕಿ ಅಳಿಸೋ ಪ್ರೋಗ್ರಾಮು ಉಂಟಲ್ಲ, ನಿನ್ನೆ ಅದನ್ನ ಬರೆದದ್ದಕ್ಕೇ ನಿನಗೆ ಚಪ್ಪಾಳೆ ಬಿತ್ತಲ್ಲ, ಅದೇ."