ಕುಂಚಿಗೆಯ ಮೇಲಿನ ಕೊಕ್ಕರೆ

ಹಳೆ ಪುಸ್ತಕದ ಮುಗ್ಗಲು ವಾಸನೆ ಬಂದರೆ ಈಗಲೂ ನನಗೆ ಮೂಡಲಗಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಂಜೆ ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕುವುದಿತ್ತು. ಅವನ ತಲೆಗೆ ತೊಡಿಸಲು ಅತ್ತೆ ಹೊಲಿದಿದ್ದ ಖಣದ ಕುಂಚಿಗೆಯ ಮೇಲೆ ಇನ್ನೂ ಕಸೂತಿ ಬಿದ್ದಿರಲಿಲ್ಲ. ಗೋಕಾಕದ ರದ್ದಿ ಅಂಗಡಿಯಲ್ಲಿ ಸಿಕ್ಕ ಜಪಾನಿ ಕಸೂತಿ ಪುಸ್ತಕವನ್ನು ಆಕೆ ತಿರುವುತ್ತಲೇ ಇದ್ದಳು. ಅಕ್ಷರವಂತೂ ನಮಗೆ ಬಾರದು; ಆ ಪುಸ್ತಕವನ್ನು ಬಲಗಡೆಯಿಂದ ತೆರೆದು ಓದಬೇಕೆಂಬುದೂ ಆಗ ಗೊತ್ತಿರಲಿಲ್ಲ. ಚಿತ್ರ ನೋಡಿದರೆ, ಮೊದಲು ಪೂರ್ತಿ ಕೊಕ್ಕರೆ. ಪುಟ ತಿರುವಿದಂತೆ ರೆಕ್ಕೆ ಮಾಯ, ಕೊನೆಗೆ ಬರೀ ಬಟ್ಟೆ.

"ಇದು ಹೊಲಿಯೂ ಪುಸ್ತಕ ಅಲ್ಲ ಅತ್ತಿ, ಬಿಚ್ಚೂ ಪುಸ್ತಕ," ಎಂದು ವಾದ ಹೂಡಿದೆ.

ಅತ್ತೆ ನಕ್ಕಳು. "ಹಂಗಾರ ಹಿಂದಿಂದ ಹೊಲದ್ರಾತಲ್ಲ, ವಕೀಲವ್ವಾ!"

ಒರಟು ಖಣದ ಮೇಲೆ ನುಣುಪಾದ ಬಿಳಿ ರೇಷ್ಮೆ ಎಳೆ ಹರಿದಾಡಿತು. ಆದರೆ ತೊಟ್ಟಿಲ ಹೊತ್ತಿಗೆ ಕೊಕ್ಕರೆಗೆ ಒಂದೇ ಕಾಲು ಮೂಡಿತ್ತು.

"ಏನವಾ, ಕೂಸಿಗಿ ಕುಂಟ ಹಕ್ಕಿ ತಂದಿ?" ಎಂದರು ಬಾಜೂ ಮನೆಯ ಕಾಕು. ಅತ್ತೆಯ ಮುಖ ಸಣ್ಣದಾಯಿತು.

ನಾನು ಎದ್ದು ನಿಂತೆ. "ಕೊಕ್ಕರಿ ಒಂದ ಕಾಲ ಮ್ಯಾಲ ನಿಂದರತೈತ್ರಿ ಕಾಕು! ಬೇಕಾರ ಹೊಳಿಗಿ ಹೋಗಿ ನೋಡ್ರಿ."

ಹೆಂಗಸರೆಲ್ಲ ಹೋ ಎಂದು ನಕ್ಕರು. ಕಾಕು ತಾವೇ ಕುಂಚಿಗೆ ಎತ್ತಿ ಕೂಸಿಗೆ ತೊಡಿಸಿದರು.

ಅತ್ತೆ ಮೆಲ್ಲಗೆ ನನ್ನ ಕಿವಿ ಹಿಂಡಿದಳು. "ಇನ್ನೊಂದು ಕಾಲ ನಾಳೆ ಹಾಕಾಕಿ ಇದ್ನಿ. ಈಗ ಹ್ಯಾಂಗ ಹಾಕ್ಲಿ?"