ಕ್ಯಾಮೆರಾ ಕಾಪಾಡಿದ ಬಗೆ

ಮಿರರ್‌ಲೆಸ್ ಕ್ಯಾಮೆರಾ ಕೊಂಡ ಮೇಲೆ ನಾನು ಬೀದಿಯಲ್ಲಿ ಒಂದು ಕಣ್ಣು ಕಿರಿದು ಮಾಡಿಕೊಂಡೇ ನಡೆಯತೊಡಗಿದೆ. ದೊಡ್ಡ ಛಾಯಾಗ್ರಾಹಕರು ಹಾಗೇ ನಡೆಯುತ್ತಾರೆಂದು ನನ್ನ ನಂಬಿಕೆ. ಕ್ಯಾಮೆರಾಗೆ ಬೇಕಾದ ಸಾಮಾನು ಆರಿಸುವುದರಲ್ಲೂ ನಾನೇನು ಕಡಿಮೆಯಿರಲಿಲ್ಲ. ಲೆನ್ಸಿಗೆ ಗೀರು ಬೀಳದಂತೆ ಫಿಲ್ಟರ್ ತರಿಸಿದೆ. ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿ ತಂದು ಕ್ಯಾಮೆರಾವನ್ನು ಅದರೊಳಗಿಟ್ಟೆ. ಟ್ರೈಪಾಡಿಗಾಗಿ ನಲವತ್ತು ವಿಡಿಯೋ ನೋಡಿದೆ. ಕೊರಳಿಗೆ ಹಾಕುವ ಪಟ್ಟಿಯ ಬಣ್ಣ ತೀರ್ಮಾನಿಸಲಿಕ್ಕೇ ಹದಿನೈದು ದಿನ ಹಿಡಿಯಿತು.

"ಮೊಮ್ಮಗಳದ್ದೊಂದು ಫೋಟೋ ತೆಗೀರಿ," ಎಂದು ಹೆಂಡತಿ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಸ್ವಲ್ಪ ತಾಳು ವನಮಾಲಾ, ಒಳ್ಳೇ ಬ್ಯಾಗ್ ಹುಡುಕ್ತಾ ಇದೀನಿ."

ಆಯುಧಪೂಜೆಯ ಬೆಳಿಗ್ಗೆ ದೇವರ ಮುಂದೆ ಈಳಿಗೆಮಣೆ, ಮಿಕ್ಸಿ, ಸ್ಕೂಟರಿನ ಕೀಲಿ ಸಾಲಾಗಿ ಕೂತಿದ್ದವು. ನಾನೂ ಠೀವಿಯಿಂದ ಡಬ್ಬಿ ತೆರೆದು ಕ್ಯಾಮೆರಾ ಎತ್ತಿದೆ. ಲೆನ್ಸಿನ ಮುಚ್ಚಳದ ನಟ್ಟನಡುವೆ ದುಂಡನೆಯ ಕುಂಕುಮದ ಬೊಟ್ಟು!

ನನ್ನ ಪಿತ್ತ ನೆತ್ತಿಗೇರಿತು. "ಇದನ್ನ ಯಾಕೆ ಮುಟ್ಟಿದೆ? ಪುಡಿ ಒಳಗೆ ಹೋದ್ರೆ ಲೆನ್ಸ್ ಗತಿ ಏನು? ನಾನು ತಂದಿಡೋ ತನಕ ಕಾಯೋಕಾಗ್ಲಿಲ್ವಾ?"

ಅವಳು ಕುಂಕುಮದ ಬಟ್ಟಲು ಹಿಡಿದು ಅಡುಗೆಮನೆಯಿಂದ ಬಂದಳು. ಬೊಟ್ಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಈ ಸಲ ನಾನಿನ್ನೂ ಯಾವುದಕ್ಕೂ ಕುಂಕುಮ ಇಟ್ಟಿಲ್ಲ ರೀ. ಅದು ಹೋದ ವರ್ಷದ ಪೂಜೇಲಿ ಇಟ್ಟಿದ್ದು."